ನಯೀಮ್ ಸುಲೇಮಾನೋಲು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ವೇಟ್‌ಲಿಫ್ಟಿಂಗ್ ಮಾತು ಬಂದಾಗಲೆಲ್ಲ ನಾನು ಟರ್ಕಿಯ ಈ ಕುಳ್ಳನ ಹೆಸರು ತೆಗೆಯುತ್ತೇನೆ. ಕೇಳಿದವರು ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಎಲ್ಲಕ್ಕೂ ಒಂದೇ ಕಡೆ ಉತ್ತರ ಬರೆದಿಟ್ಟುಬಿಡೋಣ ಅನ್ನಿಸಿತು. ಮೊದಲೇ ಒಂದು ಮಾತು. ಸಚಿನ್ ಬಗ್ಗೆ ಮಾತಾಡುವಾಗ ನಾವು ಯಾರೂ ಬಹುವಚನ ಹಾಕುವುದಿಲ್ಲ, ಅಲ್ವಾ? ನಯೀಮ್‌ನನ್ನೂ ಹಾಗೇ ಏಕವಚನದಲ್ಲಿ ಬರೆದಿದ್ದೇನೆ. ಅದು ಸಲುಗೆ, ಅಷ್ಟೇ.

ಯಾರಿವನು? ಚಿಕ್ಕದಾಗಿ ಹೇಳಿ.

1967ರ ಜನವರಿ 23ರಂದು ಬಲ್ಗೇರಿಯಾದಲ್ಲಿ ಹುಟ್ಟಿದ ಟರ್ಕಿಶ್ ಹುಡುಗ. ಎತ್ತರ 147 ಸೆಂಟಿಮೀಟರ್, ಅಂದರೆ ಐದಡಿಯೂ ಇಲ್ಲ. ಟರ್ಕಿಗೆ ಮೂರು ಒಲಿಂಪಿಕ್ ಚಿನ್ನ ತಂದ: 1988ರಲ್ಲಿ ಸಿಯೋಲ್, 1992ರಲ್ಲಿ ಬಾರ್ಸಿಲೋನಾ, 1996ರಲ್ಲಿ ಅಟ್ಲಾಂಟಾ. ವೇಟ್‌ಲಿಫ್ಟಿಂಗ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದವರಲ್ಲಿ ಇವನೇ ಮೊದಲಿಗ. ಏಳು ಸಲ ವಿಶ್ವ ಚಾಂಪಿಯನ್. ವಿಶ್ವದಾಖಲೆಗಳು ನಲವತ್ತಕ್ಕೂ ಜಾಸ್ತಿ. 'ಪಾಕೆಟ್ ಹರ್ಕ್ಯುಲಿಸ್' ಅಂತ ಜಗತ್ತು ಕರೆಯಿತು. ಟರ್ಕಿಯವರು ಅದನ್ನೇ 'ಜೆಪ್ ಹೆರ್ಕ್ಯುಲು' ಅನ್ನುತ್ತಾರೆ. ಜೇಬಲ್ಲಿ ಇಟ್ಟುಕೊಳ್ಳಬಹುದಾದ ಭೀಮ ಅಂದುಕೊಳ್ಳಿ.

ಹೆಸರನ್ನ ಹೇಗೆ ಹೇಳೋದು? ಸುಲೇಮಾನೊಗ್ಲು ಅಂತ ಅಲ್ವಾ?

ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಹಾಗೇ ಬರುತ್ತದೆ. ಆದರೆ ಟರ್ಕಿ ಭಾಷೆಯಲ್ಲಿ ಅಲ್ಲಿರುವುದು ಮೆತ್ತನೆಯ 'ಗ'. ಅದನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹಿಂದಿನ ಸ್ವರವನ್ನು ಸ್ವಲ್ಪ ಎಳೆದರೆ ಮುಗಿಯಿತು: ಸುಲೇಮಾನೋಲು. ಕೊನೆಯ 'ಓಲು' ಅಂದರೆ ಮಗ. ಒಟ್ಟಿಗೆ ಸುಲೇಮಾನನ ಮಗ.

ಇದನ್ನ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇವನ ಬದುಕಿನಲ್ಲಿ ಬಾರ್‌ಗಿಂತ ಜಾಸ್ತಿ ಭಾರವಾಗಿದ್ದು ಹೆಸರೇ.

ಟರ್ಕಿಯವನು ಅಂತೀರಿ, ಬಲ್ಗೇರಿಯಾದಲ್ಲಿ ಹುಟ್ಟಿದ್ದು ಹೇಗೆ?

ಬಲ್ಗೇರಿಯಾ ಸುಮಾರು ಐದು ಶತಮಾನ ಆಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. ಸಾಮ್ರಾಜ್ಯ ಹೋಯಿತು, ಜನ ಅಲ್ಲೇ ಉಳಿದರು. ದೇಶದ ದಕ್ಷಿಣ ತುದಿಯಲ್ಲಿ ಕರ್ಜಾಲಿ ಅಂತ ಒಂದು ಬೆಟ್ಟಗುಡ್ಡದ ಸೀಮೆ ಇದೆ. ಅಲ್ಲಿ ಟರ್ಕಿ ಮಾತಾಡುವವರೇ ಹೆಚ್ಚು. ಗಡಿಯಲ್ಲಿರುವ ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮನೆಯೊಳಗೆ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು.

ಅಲ್ಲಿನ ಪ್ತಿಚಾರ್ ಅನ್ನುವ ಹಳ್ಳಿ ಇವನದು. ಅಪ್ಪ ಗಣಿ ಕಾರ್ಮಿಕ, ಐದಡಿ ಎತ್ತರದ ಆಳು. ಅಮ್ಮ ಇನ್ನೂ ಕುಳ್ಳಗೆ. ಹತ್ತು ವರ್ಷಕ್ಕೇ ಬಾರ್ ಹಿಡಿದ. ಹದಿನಾಲ್ಕಕ್ಕೆ ದೊಡ್ಡವರ ವಿಶ್ವದಾಖಲೆಯ ಹತ್ತಿರ ಹತ್ತಿರ ಎತ್ತುತ್ತಿದ್ದ. ಹದಿನಾರರ ಆಸುಪಾಸಿನಲ್ಲಿ ಮೊದಲ ವಿಶ್ವದಾಖಲೆಯೇ ಬಂತು.

ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಅಂದರೆ ಏನು?

ಸ್ನ್ಯಾಚ್ ಅಂದರೆ ಬಾರನ್ನು ನೆಲದಿಂದ ಒಂದೇ ಏಟಿಗೆ ತಲೆ ಮೇಲೆ ಎತ್ತುವುದು. ನಡುವೆ ನಿಲ್ಲಿಸುವಂತಿಲ್ಲ. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎರಡು ಹಂತ: ಮೊದಲು ಹೆಗಲಿಗೆ, ಆಮೇಲೆ ತಲೆ ಮೇಲಕ್ಕೆ. ಎರಡರಲ್ಲೂ ತಲಾ ಮೂರು ಅವಕಾಶ. ಒಂದೊಂದರಲ್ಲೂ ಎತ್ತಿದ ಅತಿ ಹೆಚ್ಚು ಭಾರವನ್ನು ಕೂಡಿಸಿದರೆ ಒಟ್ಟು. ಒಟ್ಟು ಯಾರದು ಹೆಚ್ಚೋ ಅವರಿಗೆ ಚಿನ್ನ.

ನೋಡುವಾಗ ಒಂದು ವಿಷಯ ತಪ್ಪಿಹೋಗುತ್ತದೆ. ಸ್ನ್ಯಾಚ್‌ನಲ್ಲಿ ಬಾರ್ ತಲೆಯವರೆಗೂ ಮೇಲೆ ಬರುವುದಿಲ್ಲ, ಆಳೇ ಅದರ ಕೆಳಗೆ ಹೋಗುತ್ತಾನೆ. ತೊಡೆಯ ಬಲದಿಂದ ಬಾರನ್ನು ಹೊಟ್ಟೆ ಮಟ್ಟಕ್ಕಿಂತ ಸ್ವಲ್ಪ ಮೇಲಕ್ಕೆ ಎಸೆದು, ಅದು ಮತ್ತೆ ಕೆಳಗೆ ಬೀಳುವಷ್ಟರಲ್ಲಿ ಕುಕ್ಕರಗಾಲಲ್ಲಿ ಅದರಡಿ ನುಗ್ಗಿ, ಕೈ ನೆಟ್ಟಗೆ ಮಾಡಿ ಹಿಡಿಯಬೇಕು. ಆಮೇಲೆ ಎದ್ದು ನಿಲ್ಲುವುದು. ಕಾಲೇಜಿನ ದಿನಗಳಲ್ಲಿ ನಾನೂ 60 ಕೆಜಿ ಇದ್ದೆ. ನನ್ನಷ್ಟೇ ತೂಕದ ಬಾರನ್ನು ಸ್ನ್ಯಾಚ್ ಮಾಡುತ್ತೇನೆ ಅಂತ ಜಂಬದಲ್ಲಿ ಹೋದೆ. ಬಾರ್ ಎದೆಯವರೆಗೆ ಬಂತು. ಕೆಳಗೆ ನುಗ್ಗುವ ಧೈರ್ಯ ಬರಲಿಲ್ಲ. ಹದಿನೈದು ದಿನ ಸೊಂಟಕ್ಕೆ ಅಮೃತಾಂಜನ ಹಚ್ಚಿಕೊಂಡು ಓಡಾಡಿದೆ. ಅದೇ ತೂಕದ ನಯೀಮ್ ಸ್ನ್ಯಾಚ್ ಮಾಡಿದ್ದು 152.5 ಕೆಜಿ.

ತನ್ನ ತೂಕದ ಮೂರು ಪಟ್ಟು ಎತ್ತಿದ ಅನ್ನೋದು ನಿಜವಾ?

ನಿಜ. 1984ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, 56 ಕೆಜಿ ವಿಭಾಗದಲ್ಲಿ (ಮೈತೂಕ ಅಷ್ಟನ್ನು ಮೀರದವರ ಗುಂಪು) 168 ಕೆಜಿ ಕ್ಲೀನ್ ಅಂಡ್ ಜರ್ಕ್ ಮಾಡಿದ. ಸರಿಯಾಗಿ ಮೂರು ಪಟ್ಟು. ಅದಕ್ಕೂ ಮುಂಚೆ ಅದನ್ನು ಮಾಡಿದ್ದು ಒಬ್ಬನೇ, ಅದೇ ಬಲ್ಗೇರಿಯಾ ತಂಡದ ಸ್ಟೆಫಾನ್ ಟೊಪುರೊವ್, 1983ರಲ್ಲಿ. ಈ ಹೆಸರು ನೆನಪಿರಲಿ, ಮುಂದೆ ಬರುತ್ತದೆ. ಇವತ್ತಿಗೂ ಮೂರು ಪಟ್ಟು ಎತ್ತಿದವರನ್ನು ಕೈಬೆರಳಲ್ಲಿ ಎಣಿಸಬಹುದು.

ನಯೀಮ್ ಎತ್ತಿದ ಅತಿ ದೊಡ್ಡ ಭಾರ 190 ಕೆಜಿ. ಎರಡು ಕ್ವಿಂಟಲ್‌ಗೆ ಹತ್ತೇ ಕಿಲೋ ಕಮ್ಮಿ. ಎಪಿಎಂಸಿಯಲ್ಲಿ ಒಬ್ಬ ಹಮಾಲಿ ಕ್ವಿಂಟಲ್ ಚೀಲ ಬೆನ್ನ ಮೇಲೆ ಹೊತ್ತು ನಡೆಯುವುದನ್ನ ಕಂಡರೇ ನಾವು ಬಾಯಿ ಬಿಟ್ಟುಕೊಂಡು ನೋಡುತ್ತೇವೆ. ಅಂಥ ಹತ್ತಿರ ಹತ್ತಿರ ಎರಡು ಚೀಲವನ್ನು ಎರಡೂ ಕೈಯಲ್ಲಿ ತಲೆ ಮೇಲೆ ಹಿಡಿದು ನಿಲ್ಲುವುದು ಅಂದರೆ!

ಕುಳ್ಳಗಿದ್ದರೆ ಸುಲಭ ಅಲ್ವಾ? ಎತ್ತಬೇಕಾದ ದೂರವೇ ಕಮ್ಮಿ.

ಅರ್ಧ ಸರಿ. ಕೈಕಾಲು ಗಿಡ್ಡಗಿದ್ದರೆ ಬಾರ್ ಸಾಗುವ ದೂರ ಕಮ್ಮಿ. ಜೊತೆಗೆ, ಮೈತೂಕ ದುಪ್ಪಟ್ಟಾದರೆ ಶಕ್ತಿ ದುಪ್ಪಟ್ಟಾಗುವುದಿಲ್ಲ. ಹಾಗಾಗಿ ತೂಕಕ್ಕೆ ಹೋಲಿಸಿದರೆ ಹಗುರದವರದೇ ಮೇಲುಗೈ. ಜಾರ್ಜಿಯಾದ ಲಾಶಾ ತಲಖಾಡ್ಜೆ ಕ್ಲೀನ್ ಅಂಡ್ ಜರ್ಕ್‌ನಲ್ಲಿ 267 ಕೆಜಿ ಎತ್ತಿದ್ದಾನೆ, ಆದರೆ ಅವನ ತೂಕವೇ 170 ಕೆಜಿ ದಾಟುತ್ತದೆ.

ಉಳಿದರ್ಧ ಏನಂದರೆ, 60 ಕೆಜಿ ವಿಭಾಗಕ್ಕೆ ಬರುವವರೆಲ್ಲ ಹೆಚ್ಚುಕಡಿಮೆ ಕುಳ್ಳರೇ. ಅವರ ನಡುವೆಯೂ ಇವನು ಸಿಯೋಲ್‌ನಲ್ಲಿ 30 ಕೆಜಿ ಅಂತರದಲ್ಲಿ ಗೆದ್ದ. ಅದಕ್ಕೆ ಎತ್ತರದ ಲೆಕ್ಕ ಉತ್ತರ ಕೊಡುವುದಿಲ್ಲ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಯಾಕೆ ಇರಲಿಲ್ಲ?

ಸೋವಿಯತ್ ಒಕ್ಕೂಟದ ಜೊತೆ ಬಲ್ಗೇರಿಯಾವೂ ಬಹಿಷ್ಕಾರ ಹಾಕಿತ್ತು. 56 ಕೆಜಿ ವಿಭಾಗದಲ್ಲಿ ಚೀನಾದ ವು ಶುಡೆ ಒಟ್ಟು 267.5 ಕೆಜಿಗೆ ಚಿನ್ನ ಗೆದ್ದರು. ನಯೀಮ್ ಆ ವರ್ಷ ಅದಕ್ಕಿಂತ ಬಹಳ ಹೆಚ್ಚು ಎತ್ತುತ್ತಿದ್ದ. ಬಹಿಷ್ಕಾರ ಇಲ್ಲದಿದ್ದರೆ ಇವನ ಲೆಕ್ಕದಲ್ಲಿ ನಾಲ್ಕು ಚಿನ್ನ ಇರುತ್ತಿತ್ತು ಅಂತ ಅಭಿಮಾನಿಗಳು ಹೇಳುವುದು ಬರೀ ಬಾಯಿಮಾತಲ್ಲ.

ಹೆಸರು ಬದಲಾಯಿಸಿದ್ದು ಯಾರು? ಯಾಕೆ?

ಬಲ್ಗೇರಿಯಾ ಸರ್ಕಾರ. 1984–85ರ ಚಳಿಗಾಲದಲ್ಲಿ ತೊದೊರ್ ಝಿವ್ಕೊವ್ ಸರ್ಕಾರ ನಮ್ಮಲ್ಲಿ ತುರ್ಕರೇ ಇಲ್ಲ ಅಂತ ತೀರ್ಮಾನಿಸಿತು. ಇರುವವರೆಲ್ಲ ಹಿಂದೆ ಬಲವಂತಕ್ಕೆ ಮತ ಬಿಟ್ಟ ಬಲ್ಗೇರಿಯನ್ನರೇ, ಈಗ ಅವರನ್ನ ಮೂಲಕ್ಕೆ ತರುತ್ತೇವೆ ಅನ್ನುವುದು ಅದರ ವಾದ. ಆ ಕೆಲಸಕ್ಕೆ 'ಪುನರುಜ್ಜೀವನ' ಅಂತ ಚಂದದ ಹೆಸರನ್ನೂ ಇಟ್ಟರು. ನಡೆದದ್ದು ಇಷ್ಟು: ಪೊಲೀಸರು ಊರನ್ನು ಸುತ್ತುವರಿದು, ಮನೆಮನೆಯವರಿಂದ ಹೊಸ ಹೆಸರಿಗೆ ಸಹಿ ಹಾಕಿಸಿಕೊಂಡರು. ಲಕ್ಷಗಟ್ಟಲೆ ಜನರ ಹೆಸರು ಕೆಲವೇ ವಾರಗಳಲ್ಲಿ ಬದಲಾಯಿತು. ಬೀದಿಯಲ್ಲಿ ಟರ್ಕಿ ಮಾತಾಡಿದರೆ ದಂಡ. ಪ್ರತಿಭಟಿಸಿದವರಲ್ಲಿ ಕೆಲವರು ಸತ್ತರು, ಹಲವರು ಜೈಲು ಸೇರಿದರು.

ನಯೀಮ್ ಸುಲೇಮಾನೊವ್ ಅಂತ ಇದ್ದವನು ನಾಉಮ್ ಶಲಮಾನೊವ್ ಆದ. ಎಷ್ಟು ಚಾಲಾಕಿ ನೋಡಿ. ಹಳೆಯ ಹೆಸರಿನ ನೆರಳು ಹಾಗೇ ಇದೆ, ಆದರೆ ಮುಸ್ಲಿಂ ಗುರುತು ಅಳಿಸಿಹೋಗಿದೆ. ಅದೇ ಹೆಸರಿನಲ್ಲಿ 1985 ಮತ್ತು 1986ರಲ್ಲಿ ವಿಶ್ವ ಚಾಂಪಿಯನ್ ಕೂಡ ಆದ. ಪದಕ ಕೊರಳಿಗೆ ಬೀಳುವಾಗ ಧ್ವನಿವರ್ಧಕದಲ್ಲಿ ಬೇರೆ ಯಾರದೋ ಹೆಸರು.

ಮೆಲ್ಬರ್ನ್‌ನಲ್ಲಿ ತಪ್ಪಿಸಿಕೊಂಡ ಕಥೆ ಏನು?

1986ರ ಡಿಸೆಂಬರ್. ಮೆಲ್ಬರ್ನ್‌ನಲ್ಲಿ ವಿಶ್ವಕಪ್ ಫೈನಲ್ ಮುಗಿದಿತ್ತು. ತಂಡ ಊಟಕ್ಕೆ ಕೂತಾಗ ಇವನು ಮೆಲ್ಲಗೆ ಎದ್ದು ಹೊರಗೆ ಹೋದ, ವಾಪಸ್ ಬರಲಿಲ್ಲ. ಅಲ್ಲಿ ನೆಲೆಸಿದ್ದ ತುರ್ಕರು ಕೆಲವು ದಿನ ಬಚ್ಚಿಟ್ಟರು. ಆಮೇಲೆ ಕ್ಯಾನ್‌ಬೆರಾದ ಟರ್ಕಿ ರಾಯಭಾರ ಕಚೇರಿಗೆ ಹೋಗಿ ಆಶ್ರಯ ಕೇಳಿದ. ಅಲ್ಲಿಂದ ಲಂಡನ್. ಲಂಡನ್‌ನಿಂದ ಅಂಕಾರಾಕ್ಕೆ ಕರೆತರಲು ಪ್ರಧಾನಿ ತುರ್ಗುತ್ ಓಝಾಲ್ ತಮ್ಮ ವಿಮಾನವನ್ನೇ ಕಳಿಸಿದರು. ಇಳಿದವನೇ ಬಗ್ಗಿ ನೆಲಕ್ಕೆ ಮುತ್ತಿಟ್ಟ.

ಆಗ ಅವನಿಗೆ ಹತ್ತೊಂಬತ್ತು. ಅಪ್ಪ, ಅಮ್ಮ, ತಮ್ಮಂದಿರು ಎಲ್ಲ ಗಡಿಯ ಆಚೆ. ತಾನು ಓಡಿಬಂದರೆ ಅವರ ಗತಿ ಏನು ಅಂತ ಯೋಚಿಸದೇ ಇರುತ್ತಾನಾ? ಸಾಹಸದ ಕಥೆ ಹೇಳುವಾಗ ನಾವು ಈ ಭಾಗವನ್ನ ಬೇಗ ದಾಟಿಬಿಡುತ್ತೇವೆ.

ಟರ್ಕಿಗೆ ಬಂದ ಮೇಲೆ ಹೆಸರು ವಾಪಸ್ ಬಂತು, ಈ ಸಲ 'ಓಲು' ಸೇರಿಕೊಂಡು.

ಟರ್ಕಿ ಇವನನ್ನ ದುಡ್ಡು ಕೊಟ್ಟು ಕೊಂಡುಕೊಂಡಿತು ಅಂತಾರಲ್ಲ?

ಕೊಂಡುಕೊಂಡಿತು ಅನ್ನುವುದಕ್ಕಿಂತ ಬಿಡಿಸಿಕೊಂಡಿತು ಅನ್ನುವುದು ಸರಿ. ದೇಶ ಬದಲಿಸಿದ ಆಟಗಾರ ಒಲಿಂಪಿಕ್ಸ್‌ಗೆ ಇಳಿಯಬೇಕಾದರೆ ಮೂರು ವರ್ಷ ಕಾಯಬೇಕಿತ್ತು, ಇಲ್ಲವೇ ಹಳೆಯ ದೇಶ ಒಪ್ಪಬೇಕಿತ್ತು. ಸಿಯೋಲ್‌ಗೆ ಎರಡು ವರ್ಷವೂ ಇರಲಿಲ್ಲ. ಬಲ್ಗೇರಿಯಾದ ಒಪ್ಪಿಗೆಗೆ ಟರ್ಕಿ 10 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟಿತು ಅಂತ ಆಗ ವರದಿಯಾಯಿತು. 1988ರ ಯುರೋಪಿಯನ್ ಚಾಂಪಿಯನ್‌ಶಿಪ್ ಕಾರ್ಡಿಫ್‌ನಲ್ಲಿ ನಡೆಯಿತು. ಅಲ್ಲಿ ಟರ್ಕಿ ಪರ ಗೆದ್ದು, ಸಿಯೋಲ್‌ಗೆ ಹೊರಟ.

ಸಿಯೋಲ್‌ನಲ್ಲಿ ಅಂಥದ್ದೇನಾಯಿತು?

1988ರ ಸೆಪ್ಟೆಂಬರ್ 20, 60 ಕೆಜಿ ವಿಭಾಗ. ಸ್ನ್ಯಾಚ್‌ನಲ್ಲಿ 145, ಆಮೇಲೆ 150.5, ಆಮೇಲೆ 152.5. ಮೂರೂ ಸರಾಗ. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲು 175 ಎತ್ತಿದ. ಅಲ್ಲಿಗೆ ಚಿನ್ನ ಅವನದೇ. ಬೇರೆಯವರಾದರೆ ಟವೆಲ್ ಹೊದ್ದು ಕೂತುಬಿಡುತ್ತಿದ್ದರು. ಇವನು ಒಮ್ಮೆಲೇ 13.5 ಕೆಜಿ ಏರಿಸಿ 188.5 ಹಾಕಿಸಿದ. ಎತ್ತಿದ. ಮತ್ತೆ 190. ಅದನ್ನೂ ಎತ್ತಿದ. ಒಟ್ಟು 342.5. ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್, ಒಟ್ಟು, ಮೂರರಲ್ಲೂ ವಿಶ್ವದಾಖಲೆ.

ಬೆಳ್ಳಿ ಗೆದ್ದವನು ಯಾರು ಗೊತ್ತಾ? ಅದೇ ಸ್ಟೆಫಾನ್ ಟೊಪುರೊವ್. ಮೂರು ಪಟ್ಟು ಎತ್ತಿದ ಮೊದಲ ಮನುಷ್ಯ, ನಯೀಮ್‌ನ ಹಳೆಯ ತಂಡದವನು. ಅವನ ಒಟ್ಟು 312.5. ಒಂದೆರಡು ಕಿಲೋಗೆ ಪದಕ ಕೈತಪ್ಪುವ ಆಟದಲ್ಲಿ 30 ಕೆಜಿ ಅಂತರ. ಇನ್ನೂ ಒಂದು ಲೆಕ್ಕ ಕೇಳಿ. ಮೇಲಿನ ವಿಭಾಗವಾದ 67.5 ಕೆಜಿಯಲ್ಲಿ ಕೊನೆಗೆ ಚಿನ್ನ ಸಿಕ್ಕ ಪೂರ್ವ ಜರ್ಮನಿಯ ಯೋಆಕಿಮ್ ಕುಂಟ್ಸ್ ಎತ್ತಿದ ಒಟ್ಟು 340. ಅಂದರೆ ತನಗಿಂತ ದೊಡ್ಡವರ ಚಿನ್ನಕ್ಕಿಂತಲೂ ಇವನದು 2.5 ಜಾಸ್ತಿ. (ಅಲ್ಲಿ ನಿಜಕ್ಕೂ ಹೆಚ್ಚು ಎತ್ತಿದ್ದು ಬಲ್ಗೇರಿಯಾದ ಏಂಜೆಲ್ ಗೆಂಚೆವ್. ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಪದಕ ಕಳೆದುಕೊಂಡ.)

ಟರ್ಕಿಗೆ 1968ರ ನಂತರ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ ಅದು. ಕುಸ್ತಿ ಬಿಟ್ಟು ಬೇರೆ ಆಟದಲ್ಲಿ ಅವರಿಗೆ ಅದೇ ಮೊದಲು. ವಾಪಸ್ ಬಂದಾಗ ಅಂಕಾರಾದ ಬೀದಿಗಳು ತುಂಬಿ ತುಳುಕಿದವು.

ಇಷ್ಟು ಶಕ್ತಿ ಎಲ್ಲಿಂದ? ಹೇಗೆ ತಯಾರಿ ಮಾಡುತ್ತಿದ್ದ?

ಬೇರು ಬಲ್ಗೇರಿಯಾದಲ್ಲೇ ಇದೆ. ಅಲ್ಲಿನ ರಾಷ್ಟ್ರೀಯ ಕೋಚ್ ಇವಾನ್ ಅಬಾಜಿಯೆವ್. ಅವರ ಪದ್ಧತಿ ಹೇಳಲು ಸುಲಭ, ಮಾಡಲು ನರಕ. ಹತ್ತಾರು ಬಗೆಯ ವ್ಯಾಯಾಮ ಬೇಡ. ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್, ಸ್ಕ್ವಾಟ್ (ಬಾರನ್ನು ಹೆಗಲ ಮೇಲಿಟ್ಟು ಕೂತು ಏಳುವುದು), ಇಷ್ಟೇ ಸಾಕು. ಆದರೆ ಇದನ್ನೇ ದಿನಕ್ಕೆ ಹಲವು ಸಲ, ಅವತ್ತು ಎಷ್ಟು ಗರಿಷ್ಠ ಎತ್ತಬಹುದೋ ಅಲ್ಲಿಯವರೆಗೆ, ದಿನಾ. ನಡುನಡುವೆ ವಿಶ್ರಾಂತಿ, ಮತ್ತೆ ಬಾರ್. ತಡೆದುಕೊಂಡವರು ಚಾಂಪಿಯನ್ ಆದರು. ತಡೆಯಲಾರದವರ ಮಂಡಿ, ಸೊಂಟ ಹೋಯಿತು, ಅವರ ಹೆಸರು ಯಾರಿಗೂ ಗೊತ್ತಿಲ್ಲ. ಇವತ್ತಿನ ಜಿಮ್ ಹುಡುಗರು 'ಬಲ್ಗೇರಿಯನ್ ಮೆಥಡ್' ಅಂತ ಹೆಮ್ಮೆಯಿಂದ ಹೇಳಿಕೊಂಡು ಶುರು ಮಾಡುವುದನ್ನ ನೋಡಿದ್ದೇನೆ. ಮೂರನೇ ವಾರಕ್ಕೆ ಬಿಡುತ್ತಾರೆ. ಬಿಟ್ಟಿದ್ದೇ ಒಳ್ಳೆಯದು.

ಕುಟುಂಬ ಕೊನೆಗೂ ಸೇರಿತಾ?

ಸೇರಿತು. ಸಿಯೋಲ್ ಆದ ಮೇಲೆ ಮನೆಯವರಿಗೆ ಟರ್ಕಿಗೆ ಬರಲು ಬಿಟ್ಟರು. 1989ರ ಬೇಸಿಗೆಯಲ್ಲಿ ಬಲ್ಗೇರಿಯಾ ಗಡಿ ತೆರೆದಾಗ ಮೂರು ಲಕ್ಷಕ್ಕೂ ಹೆಚ್ಚು ತುರ್ಕರು ಗಂಟುಮೂಟೆ ಕಟ್ಟಿಕೊಂಡು ಟರ್ಕಿಗೆ ಹೊರಟುಬಂದರು. ಅದೇ ನವೆಂಬರ್‌ನಲ್ಲಿ ಝಿವ್ಕೊವ್ ಅಧಿಕಾರ ಬಿದ್ದುಹೋಯಿತು. ಹೆಸರು ಕಳೆದುಕೊಂಡವರಿಗೆ ಅದನ್ನ ವಾಪಸ್ ಪಡೆಯುವ ಹಕ್ಕು ಬಂತು. ಈ ಕಿರುಕುಳವನ್ನು ಜಗತ್ತಿನ ಪತ್ರಿಕೆಗಳು ಗಮನಿಸುವಂತೆ ಮಾಡಿದ್ದರಲ್ಲಿ ನಯೀಮ್ ಪಾಲು ದೊಡ್ಡದು. ಹೋದಲ್ಲೆಲ್ಲ ಅದನ್ನೇ ಹೇಳುತ್ತಿದ್ದ.

22ಕ್ಕೇ ನಿವೃತ್ತಿ ಆಗಿದ್ದನಂತೆ?

ಹೌದು. 1989ರ ಅಥೆನ್ಸ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದು ಸಾಕು ಅಂದ. ಹತ್ತು ವರ್ಷದಿಂದ ದಿನಾ ಗರಿಷ್ಠ ಭಾರ ಎತ್ತಿದ ಮೈ ಅದು. 1991ರಲ್ಲಿ ಮತ್ತೆ ಬಂದು ವಿಶ್ವ ಚಾಂಪಿಯನ್ ಆದ. ಮರುವರ್ಷ ಬಾರ್ಸಿಲೋನಾದಲ್ಲಿ ಒಟ್ಟು 320 ಕೆಜಿಗೆ ಎರಡನೇ ಚಿನ್ನ. ಬೆಳ್ಳಿ ಬಲ್ಗೇರಿಯಾದ ನಿಕೊಲಾಯ್ ಪೆಶಾಲೊವ್‌ಗೆ, 305. ಬಾರ್ಸಿಲೋನಾ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅಲ್ಲಿ ಇವನಿಗೆ ಎದುರಾಳಿಯೇ ಇರಲಿಲ್ಲ.

ಅಟ್ಲಾಂಟಾ ಫೈನಲ್ ಇತಿಹಾಸದ ಅತಿ ದೊಡ್ಡ ಪಂದ್ಯ ಅಂತಾರೆ. ಯಾಕೆ?

ಅಲ್ಲಿ ಎದುರಾಳಿ ಇದ್ದ. ಗ್ರೀಸ್‌ನ ವಲೇರಿಯೊಸ್ ಲಿಯೊನಿಡಿಸ್. ಇವನ ಕಥೆಯೂ ಕನ್ನಡಿಯಲ್ಲಿ ನೋಡಿದ ಹಾಗಿದೆ. ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿದ ಗ್ರೀಕ್, ಆಮೇಲೆ ಗ್ರೀಸ್‌ಗೆ ಬಂದವನು. ಟರ್ಕಿ ಮತ್ತು ಗ್ರೀಸ್ ನಡುವಿನ ಸಂಬಂಧ ಹೇಗೆ ಅಂತ ತಿಳಿಯಬೇಕಾದರೆ ನಮ್ಮ ಭಾರತ–ಪಾಕಿಸ್ತಾನ ಕ್ರಿಕೆಟ್ ನೆನಪಿಸಿಕೊಳ್ಳಿ.

1996ರ ಜುಲೈ 22. ಸಭಾಂಗಣ ಎರಡು ಹೋಳು. ಈ ಕಡೆ ಟರ್ಕಿ ಬಾವುಟ, ಆ ಕಡೆ ಗ್ರೀಸ್ ಬಾವುಟ. ವಿಭಾಗ ಈಗ 64 ಕೆಜಿ. ನಯೀಮ್‌ಗೆ 29.

ಸ್ನ್ಯಾಚ್ ಮುಗಿದಾಗ ನಯೀಮ್ 147.5, ಲಿಯೊನಿಡಿಸ್ 145. ಎರಡೂವರೆ ಕಿಲೋ ಮುಂದೆ. ಅದು ಏನೂ ಅಲ್ಲ, ಬಾರ್‌ನ ಎರಡೂ ಕಡೆ ಒಂದೊಂದು ಸಣ್ಣ ಬಿಲ್ಲೆ.

ಕ್ಲೀನ್ ಅಂಡ್ ಜರ್ಕ್ ಶುರುವಾಯಿತು. ನಯೀಮ್ ಎರಡನೇ ಯತ್ನದಲ್ಲಿ 185 ಎತ್ತಿದ. ವಿಶ್ವದಾಖಲೆ. ಒಟ್ಟು 332.5. ಆ ದಾಖಲೆಗೆ ಆಯಸ್ಸು ಕೆಲವೇ ನಿಮಿಷ. ಲಿಯೊನಿಡಿಸ್ 187.5 ಹಾಕಿಸಿ ಎತ್ತಿದ. ಹೊಸ ವಿಶ್ವದಾಖಲೆ. ಅವನ ಒಟ್ಟೂ 332.5. ಸಮ.

ಈಗ ನಯೀಮ್‌ಗೆ ಉಳಿದಿದ್ದು ಒಂದೇ ಅವಕಾಶ. ಬಾರ್ ಮೇಲೆ ಅದೇ 187.5. ಅವನು ವೇದಿಕೆಗೆ ಬರುವುದನ್ನ ನೋಡಬೇಕು. ಅಂಗೈಗೆ ಬಿಳಿ ಪುಡಿ. ಮುಖದಲ್ಲಿ ಏನೂ ಇಲ್ಲ. ಬಗ್ಗಿದಾಗ ಪ್ಲೇಟುಗಳು ಅವನ ಮಂಡಿಗೂ ಮೇಲೆ ಬರುತ್ತವೆ, ಆಟಿಕೆ ಗಾಡಿಯ ಚಕ್ರದ ನಡುವೆ ಮಗು ಕೂತ ಹಾಗೆ. ಹೆಬ್ಬೆರಳನ್ನು ಬಾರ್‌ಗೆ ಒತ್ತಿ, ಉಳಿದ ಬೆರಳುಗಳಿಂದ ಅದರ ಮೇಲೆ ಬೀಗ ಹಾಕುತ್ತಾನೆ. ಎಳೆದ. ಬಾರ್ ಹೆಗಲಿಗೆ ಬಂತು. ಎದ್ದು ನಿಂತ. ಒಂದು ಉಸಿರು. ಮಂಡಿ ಚೂರು ಮಡಚಿ ಮೇಲಕ್ಕೆ ತಳ್ಳಿದ, ಕಾಲು ಹಿಂದೆ ಮುಂದೆ ಹೋಯಿತು, ಕೈ ನೆಟ್ಟಗೆ. ಒಟ್ಟು 335. ಅದೂ ವಿಶ್ವದಾಖಲೆ.

ಲಿಯೊನಿಡಿಸ್‌ಗೂ ಒಂದು ಅವಕಾಶ ಇತ್ತು. 190 ಕೇಳಿದ. ಈ ವಿಭಾಗದಲ್ಲಿ ಅಲ್ಲಿಯವರೆಗೆ ಯಾರೂ ಎತ್ತದ ಭಾರ. ಆಗಲಿಲ್ಲ. 'ವೇಟ್‌ಲಿಫ್ಟಿಂಗ್ ಇತಿಹಾಸದ ಅತಿ ಶ್ರೇಷ್ಠ ಪಂದ್ಯವನ್ನು ನೀವು ಈಗಷ್ಟೇ ನೋಡಿದಿರಿ' ಅಂತ ಉದ್ಘೋಷಕ ಹೇಳಿದ. ಸಾಮಾನ್ಯವಾಗಿ ಇಂಥ ಮಾತನ್ನ ನಾನು ನಂಬುವುದಿಲ್ಲ, ಪ್ರತಿ ಐಪಿಎಲ್ ಪಂದ್ಯದಲ್ಲೂ ಕೇಳಿ ಸಾಕಾಗಿದೆ. ಇದನ್ನು ಮಾತ್ರ ಒಪ್ಪುತ್ತೇನೆ.

ಮೂರನೇ ಸ್ಥಾನ ಪಡೆದ ಚೀನಾದ ಶಿಯಾವ್ ಜಿಯಾನ್‌ಗಾಂಗ್ ಎತ್ತಿದ್ದು 322.5. ಇವರಿಬ್ಬರ ಆಟವೇ ಬೇರೆ, ಉಳಿದವರ ಆಟವೇ ಬೇರೆ.

ಸಿಡ್ನಿಯಲ್ಲಿ ಏನಾಯಿತು?

ಸೋತ. 2000ದಲ್ಲಿ 33ನೇ ವಯಸ್ಸಿಗೆ ನಾಲ್ಕನೇ ಚಿನ್ನಕ್ಕೆ ಅಂತ ಮತ್ತೆ ಬಂದ. 62 ಕೆಜಿ ವಿಭಾಗ. ಸ್ನ್ಯಾಚ್ ಶುರುವಿಗೇ 145 ಹಾಕಿಸಿದ. ಮೂರು ಸಲವೂ ಬಿತ್ತು. ಸ್ನ್ಯಾಚ್‌ನಲ್ಲಿ ಒಂದೂ ಎತ್ತದಿದ್ದರೆ ಒಟ್ಟೇ ಇಲ್ಲ, ಪಂದ್ಯ ಅಲ್ಲಿಗೇ ಮುಗಿಯಿತು. ಕಮ್ಮಿಯಿಂದ ಶುರು ಮಾಡಿದ್ದರೆ ಪದಕವಾದರೂ ಬರುತ್ತಿತ್ತೇನೋ ಅಂತ ಕೆಲವರು ಅಂದರು. ಮೂರು ಚಿನ್ನ ಮನೆಯಲ್ಲಿರುವವನು ಕಂಚಿಗೆ ಲೆಕ್ಕ ಹಾಕುತ್ತಾನಾ?

ಅವತ್ತು ಚಿನ್ನ ಗೆದ್ದದ್ದು ನಿಕೊಲಾಯ್ ಪೆಶಾಲೊವ್. ಎಂಟು ವರ್ಷದ ಹಿಂದೆ ಬಾರ್ಸಿಲೋನಾದಲ್ಲಿ ನಯೀಮ್ ಹಿಂದೆ ನಿಂತವನೇ. ಆದರೆ ಈಗ ಅವನ ಎದೆಯ ಮೇಲೆ ಕ್ರೊಯೇಷಿಯಾ ಹೆಸರು. ಅವನೂ ದೇಶ ಬದಲಿಸಿದ್ದ.

ಇವತ್ತಿನ ವಿಶ್ವದಾಖಲೆ ಪಟ್ಟಿಯಲ್ಲಿ ಇವನು ಯಾಕಿಲ್ಲ?

ತೂಕದ ವಿಭಾಗಗಳನ್ನೇ ಬದಲಿಸಿಬಿಟ್ಟರು. 1993ರಲ್ಲಿ 60 ಕೆಜಿ ವಿಭಾಗ ಹೋಗಿ 64 ಬಂತು, 1998ರಲ್ಲಿ 62 ಆಯಿತು, 2018ರಲ್ಲಿ ಮತ್ತೆ ಬದಲು. ಪ್ರತಿ ಸಲವೂ ಹಳೆಯ ದಾಖಲೆ ಕಪಾಟು ಸೇರುತ್ತದೆ, ಹೊಸ ಪಟ್ಟಿ ಶುರು. 60 ಕೆಜಿ ವಿಭಾಗ ಮುಚ್ಚಿದ ದಿನವೂ ಅದರ ಮೂರು ದಾಖಲೆಗಳೂ ಸಿಯೋಲ್‌ನ ಆ ಸಂಜೆಯವೇ ಆಗಿದ್ದವು.

ನೇರವಾಗಿ ಕೇಳ್ತೀನಿ: ಮದ್ದು ತಗೊಂಡಿದ್ದನಾ?

ಪರೀಕ್ಷೆಯಲ್ಲಿ ಅವನು ಸಿಕ್ಕಿಬಿದ್ದ ದಾಖಲೆ ಇಲ್ಲ. ಆದರೆ ಈ ಪ್ರಶ್ನೆ ಕೇಳುವುದು ತಪ್ಪಲ್ಲ. ಸಿಯೋಲ್‌ನಲ್ಲಿ ಬಲ್ಗೇರಿಯಾದ ಇಬ್ಬರು ಚಿನ್ನ ಗೆದ್ದು ಸಿಕ್ಕಿಬಿದ್ದರು, ಇಡೀ ತಂಡ ಗಂಟುಕಟ್ಟಿ ವಾಪಸ್ ಹೋಯಿತು. ಆ ಕಾಲದ ವೇಟ್‌ಲಿಫ್ಟಿಂಗ್ ಮೇಲೆಲ್ಲ ಆ ನೆರಳಿದೆ. ನಾನು ಅಭಿಮಾನಿ, ಅದಕ್ಕೆ ಈ ವಿಷಯದಲ್ಲಿ ಆಣೆ ಪ್ರಮಾಣ ಮಾಡಲು ಹೋಗುವುದಿಲ್ಲ.

ಹಲೀಲ್ ಮುತ್ಲು ಕೂಡ ಮೂರು ಚಿನ್ನ ಗೆದ್ದಿದ್ದಾನಲ್ಲ? ಇಬ್ಬರಲ್ಲಿ ಯಾರು ದೊಡ್ಡವರು?

ಮುತ್ಲು 1996, 2000, 2004ರಲ್ಲಿ ಗೆದ್ದ. ಅವನೂ ಅದೇ ಕರ್ಜಾಲಿ ಸೀಮೆಯವನು, ಅವನೂ ಕುಳ್ಳ, ಅವನೂ 56 ಕೆಜಿಯಲ್ಲಿ 168 ಎತ್ತಿ ಮೂರು ಪಟ್ಟು ಮುಟ್ಟಿದವನು. ಸಿಡ್ನಿಯಲ್ಲಿ ನಯೀಮ್ ಸೋತಾಗ ಅದೇ ತಂಡದ ಮುತ್ಲು ಚಿನ್ನ ಗೆದ್ದಿದ್ದ. 2005ರಲ್ಲಿ ಮದ್ದು ಪರೀಕ್ಷೆಯಲ್ಲಿ ಸಿಕ್ಕಿ ಎರಡು ವರ್ಷ ನಿಷೇಧ ಆಯಿತು. ನನ್ನ ಓಟು ನಯೀಮ್‌ಗೆ. ಕಾರಣ ಆ 30 ಕೆಜಿ ಅಂತರ.

ನಮ್ಮವರಿಗೂ ಇವನಿಗೂ ಏನಾದರೂ ನಂಟು ಇದೆಯಾ?

ನೇರ ನಂಟಿಲ್ಲ, ಆದರೆ ದಾರಿಗಳು ಕೂಡಿದ್ದುಂಟು. 1994ರ ವಿಶ್ವ ಚಾಂಪಿಯನ್‌ಶಿಪ್ ಇಸ್ತಾಂಬುಲ್‌ನಲ್ಲಿ, 1995ರದು ಚೀನಾದ ಗುವಾಂಗ್‌ಝೌನಲ್ಲಿ ನಡೆಯಿತು. ಎರಡರಲ್ಲೂ ನಯೀಮ್ ಗೆದ್ದ. ಎರಡರಲ್ಲೂ ಮಹಿಳೆಯರ 54 ಕೆಜಿಯಲ್ಲಿ ಚಾಂಪಿಯನ್ ಆದವರು ನಮ್ಮ ಕರ್ಣಂ ಮಲ್ಲೇಶ್ವರಿ! ಸಿಡ್ನಿಯಲ್ಲಿ ಇವನು ಬರಿಗೈಯಲ್ಲಿ ಹೋದ ಒಂದೆರಡು ದಿನಕ್ಕೇ ಮಲ್ಲೇಶ್ವರಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು.

ಇನ್ನು ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ. 2018ರಲ್ಲಿ ಕಾಮನ್‌ವೆಲ್ತ್ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದ ಕಂಚು. ಅಲ್ಲಿ ಅವರು ಎತ್ತಿದ್ದು ಸ್ನ್ಯಾಚ್ 118, ಕ್ಲೀನ್ ಅಂಡ್ ಜರ್ಕ್ 151, ಒಟ್ಟು 269. ಇದು ಸಣ್ಣ ಸಾಧನೆ ಅಲ್ಲ, ಕನ್ನಡಿಗರೆಲ್ಲ ಹೆಮ್ಮೆಪಟ್ಟಿದ್ದು ನೆನಪಿರಬೇಕು. ಅದನ್ನ ಮನಸ್ಸಲ್ಲಿಟ್ಟುಕೊಂಡು ನಯೀಮ್‌ನ 152.5 ಸ್ನ್ಯಾಚ್ ನೋಡಿ. ಹೆಚ್ಚುಕಡಿಮೆ ಅದೇ ತೂಕದ ಮನುಷ್ಯ ಒಂದೇ ಏಟಿಗೆ ಅಷ್ಟು ಎತ್ತಿದ್ದ.

ನಿವೃತ್ತಿ ಆದಮೇಲೆ? ಸತ್ತಿದ್ದು ಹೇಗೆ?

ರಾಜಕೀಯಕ್ಕೆ ಇಳಿದ, ಚುನಾವಣೆಗಳಲ್ಲಿ ನಿಂತ, ಗೆಲ್ಲಲಿಲ್ಲ. ಸಿಗರೇಟು ಮೊದಲಿಂದಲೂ ಇತ್ತು. ಕೊನೆಗೆ ಲಿವರ್ ಕೈಕೊಟ್ಟಿತು, ಸಿರೋಸಿಸ್. 2017ರ ಅಕ್ಟೋಬರ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಲಿವರ್ ಕಸಿ ಮಾಡಿದರು. ಆಮೇಲೆ ಮೆದುಳಿನಲ್ಲಿ ರಕ್ತಸ್ರಾವ ಆಯಿತು. ನವೆಂಬರ್ 18ರಂದು ಹೋದ. ಐವತ್ತು ವರ್ಷ. ಅಂತ್ಯಕ್ರಿಯೆಗೆ ಗ್ರೀಸ್‌ನಿಂದ ಲಿಯೊನಿಡಿಸ್ ಬಂದಿದ್ದ. ಅಟ್ಲಾಂಟಾದಲ್ಲಿ 190ರ ಬಾರ್ ಕೆಳಗೆ ಬಿಟ್ಟವನು.

ಹಳೆಯ ಫಲಿತಾಂಶಗಳಲ್ಲಿ ಹುಡುಕಿದರೆ ಕೆಲವು ವರ್ಷ ಇವನ ಹೆಸರೇ ಸಿಗಲ್ಲ. ಯಾಕೆ?

ಹುಡುಕುವ ಹೆಸರು ತಪ್ಪಿರುತ್ತದೆ. 1984ರವರೆಗಿನದಕ್ಕೆ ಸುಲೇಮಾನೊವ್ ಅಂತ ಹುಡುಕಿ. 1985, 86ರ ಪಟ್ಟಿಗಳಲ್ಲಿ ಶಲಮಾನೊವ್. 1988ರಿಂದ ಸುಲೇಮಾನೋಲು. ಮೂವರೂ ಒಬ್ಬನೇ. ಈಗಿನ ಕೆಲವು ಪಟ್ಟಿಗಳು ಎಲ್ಲವನ್ನೂ ಕೊನೆಯ ಹೆಸರಿನಡಿ ಸೇರಿಸಿವೆ, ಕೆಲವು ಹಳೆಯದನ್ನು ಹಾಗೇ ಬಿಟ್ಟಿವೆ. ಶಲಮಾನೊವ್ ಹೆಸರಲ್ಲಿ ಎರಡು ವಿಶ್ವ ಚಾಂಪಿಯನ್ ಪಟ್ಟ ಕಂಡರೆ, ಅವನ್ನೂ ಇವನ ಏಳರ ಲೆಕ್ಕಕ್ಕೇ ಹಿಡಿಯಿರಿ.